ಮೂವತ್ತಾರು ಸೊಂಟದ ಆಹೇರಿ

"ಇದಲ್ಲ," ಎನ್ನುತ್ತ ರುದ್ರೇಶ ಇನ್ನೊಂದು ಬಾಕ್ಸನ್ನು ಬೆನ್ನ ಹಿಂದಕ್ಕೆ ಎಸೆದ. ಅದು ಮಂಚದ ಮೇಲೆ ಬೀಳುವ ಬದಲು ಕಾಶೀಮನ ಎದೆಗೆ ಬಡಿಯಿತು. "ಇದೂ ಅಲ್ಲ. ಇದಂತೂ ಅಲ್ಲ ಬಿಡು."

ರುದ್ರೇಶನ ಸೊಂಟದಿಂದ ಮೇಲಿನ ಭಾಗ ಪೂರ್ತಿ ಟ್ರಂಕಿನೊಳಗೆ ಇಳಿದಿತ್ತು. ಹೊರಗೆ ಉಳಿದಿದ್ದ ಪ್ಯಾಂಟಿನ ಹಿಂಭಾಗ ಒಗೆದು ಒಗೆದು, ಬಸ್ಸಿನ ಸೀಟಿಗೆ ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ನಿಂತಿದ್ದ ಟೇಲರ್ ಕಾಶೀಮ ಆ ಹೊಳಪನ್ನೇ ನೋಡುತ್ತ, ಹಾರಿ ಬಂದ ಬಾಕ್ಸುಗಳನ್ನು ಹಿಡಿದು ಮಂಚದ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದ.

"ಹದಿಮೂರು," ಎಂದ ಅವನು. "ರುದ್ರೇಶಣ್ಣಾ, ಹದಿಮೂರು ಪ್ಯಾಂಟ್ ಪೀಸು! ನನ್ನ ಅಂಗಡ್ಯಾಗ ಇಷ್ಟ ಇಲ್ಲೋ ಯಪ್ಪಾ."

"ನನಗ ಬೇಕಾದ್ದು ಹದಿನಾಲ್ಕನೇದ್ದು," ಎಂದಿತು ಟ್ರಂಕು.

ಅಡುಗೆಮನೆಯಿಂದ ಸುಮಿತಾ ಬಂದಳು. ಎರಡೂ ಕೈಗೆ ಜೋಳದ ಹಿಟ್ಟು. "ರೀ, ಹಂದಿ ಗದ್ದಿ ಕೆದರಿದಂಗ ಕೆದರಾಕತ್ತೀರಲ್ಲ, ಏನ ಬೇಕಾಗೇತಿ ನಿಮಗ?"

"ಬೂದಿ ಬಣ್ಣದ್ದು. ಬಂಗಾರದ ಅಂಚಿನ ಬಾಕ್ಸ್."

"ಅದಾ? ಅದನ್ನ ನಿಮ್ಮ ಈಶಪ್ಪ ಸಾಹೇಬ್ರ ಮನಿ ವಾಸ್ತುಶಾಂತಿಗೆ ಆಹೇರಿ ಮಾಡಿದ್ನೆಲ್ಲ. ನೀವ ಬಾಜೂಕ ನಿಂತು ಫೋಟೋ ತಗಿಸ್ಕೊಂಡೀರಿ, ಹಲ್ಲ ಕಿಸದು."

ಟ್ರಂಕಿನೊಳಗಿಂದ ತಲೆ ತಗಡಿಗೆ ಬಡಿದ ಸದ್ದು ಬಂತು.

"ವೈನೀ," ಎಂದ ಕಾಶೀಮ ಮೆಲ್ಲಗೆ. "ಅದನ್ನ ನಾ ಕತ್ತರಿಸಿ ಇಟ್ಟಿದ್ದೆ."

"ಕತ್ತರಿಸಿ ಅಂದ್ರ?"

"ಅಂದ್ರ ಕತ್ತರೀಲೆ. ಕಾಲಿಂದು ನಾಕು ತುಂಡು, ಸೊಂಟಪಟ್ಟಿ, ಕಿಸೆ, ಎಲ್ಲಾ ಬ್ಯಾರೆ ಬ್ಯಾರೆ. ಒಳಮೈಗೆ ಪೆನ್ಸಿಲ್‌ಲೆ ಬರದೇನಿ: ರುದ್ರೇಶ, ಸೊಂಟ ಮೂವತ್ತಾರು."

ಸುಮಿತಾ ಹಿಟ್ಟಿನ ಕೈಯನ್ನೇ ಬಾಯಿಗೆ ಇಟ್ಟುಕೊಂಡಳು. ಟ್ರಂಕಿನಿಂದ ಮೇಲೆದ್ದ ರುದ್ರೇಶನ ಮುಖವೂ ಅವಳ ಮುಖದಷ್ಟೇ ಬೆಳ್ಳಗಾಗಿತ್ತು. ಅವಳದ್ದಕ್ಕಾದರೂ ಹಿಟ್ಟಿನ ಕಾರಣವಿತ್ತು.

ಆ ಟ್ರಂಕಿನ ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ಹಳಿಯಾಳದ ಆ ಓಣಿಯಲ್ಲಿ ಮದುವೆಗೆ, ವಾಸ್ತುವಿಗೆ, ಕೂಸಿನ ತೊಟ್ಟಿಲಿಗೆ, ಕೊನೆಗೆ ಮಗಳಿಗೆ ಡಿ.ಎಡ್. ಸೀಟು ಸಿಕ್ಕಿದ್ದಕ್ಕೂ ಆಹೇರಿ ಮಾಡುವುದಿತ್ತು. ಗಂಡಸಿಗೆ ಪ್ಯಾಂಟ್ ಪೀಸು, ಹೆಂಗಸಿಗೆ ಕುಬಸ ಹೊಲಿಸುವ ಖಣದ ಬಟ್ಟೆ. ಬಂದದ್ದನ್ನು ಹಣೆಗೆ ಒತ್ತಿಕೊಂಡು ತಂದು ಟ್ರಂಕಿಗೆ ಹಾಕುವುದು, ಮುಂದಿನ ಕರೆ ಬಂದಾಗ ಅದೇ ಟ್ರಂಕಿನಿಂದ ತೆಗೆದು ಇನ್ನೊಬ್ಬರ ಕೈಗೆ ಇಡುವುದು. ಬಾಕ್ಸಿನ ಮೇಲಿನ ಪಾರದರ್ಶಕ ಹಾಳೆಯಿಂದ ಬಣ್ಣ ಕಾಣುತ್ತಿದ್ದುದರಿಂದ ಯಾರೂ ಅದನ್ನು ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಅದರ ಆಯುಷ್ಯ ಮುಗಿದಂತೆ. ಕೊಟ್ಟವರಿಗೇ ತಿರುಗಿ ಕೊಟ್ಟು ಮಾನ ಕಳೆದುಕೊಳ್ಳಬಾರದೆಂದು, ಬಾಕ್ಸಿನ ತಳದಲ್ಲಿ ಬಾಲ್‌ಪೆನ್ನಿನಿಂದ ಅದು ಯಾರಿಂದ ಬಂತೆಂದು ಸಣ್ಣ ಅಕ್ಷರದಲ್ಲಿ ಬರೆದಿಡುವುದು ಎಲ್ಲ ಮನೆಗಳ ಹೆಂಗಸರ ರೂಢಿ. ಬೂದಿ ಬಣ್ಣದ ಬಾಕ್ಸಿನ ಕೆಳಗೆ ಸುಮಿತಾಳ ಅಕ್ಷರದಲ್ಲಿ "ರಾಮನಗರ ಅತ್ತಿ, ೨೦೨೨" ಎಂದಿತ್ತು.

ಸುಮಿತಾಳಿಗೆ ಈ ಟ್ರಂಕಿನ ಬಗ್ಗೆ ಒಂದು ಹೆಮ್ಮೆ. ಆಹೇರಿ ಬಟ್ಟೆಯನ್ನು ಬಂದ ವಾರವೇ ಹೊಲಿಸಿ ಹಾಕಿಕೊಳ್ಳುವವರು ಬಡವರು, ಕೆಲಸದವರಿಗೆ ಎತ್ತಿ ಕೊಟ್ಟು ಮರೆತುಬಿಡುವವರು ಶ್ರೀಮಂತರು, ಜೋಪಾನ ಮಾಡಿ ದಾಟಿಸುವವರು ನಾವು ಮಿಡಲ್ ಕ್ಲಾಸು ಎಂಬುದು ಅವಳ ಲೆಕ್ಕ. ಹೋದ ತಿಂಗಳು ಟೀವಿಯಲ್ಲಿ ಕೋಟು ಹಾಕಿದವನೊಬ್ಬ, ಮನೆಗೆ ತಿಂಗಳಿಗೆ ಲಕ್ಷ ರೂಪಾಯಿ ಬಾರದವರನ್ನು ಮಧ್ಯಮ ವರ್ಗ ಅನ್ನಲಿಕ್ಕೇ ಬರುವುದಿಲ್ಲ ಎಂದಾಗ ಅವಳು ಟೀವಿ ಬಂದ್ ಮಾಡಿ, ರಿಮೋಟನ್ನು ಅದರ ಪ್ಲಾಸ್ಟಿಕ್ ಕವರಿಗೆ ಸೇರಿಸಿ, "ಅವಂಗೇನ ಗೊತ್ತೈತಿ" ಎಂದು ರೊಟ್ಟಿ ಬಡಿಯಲು ಹೋಗಿದ್ದಳು.

ರುದ್ರೇಶನ ಪಗಾರ ಹತ್ತೊಂಬತ್ತು ಸಾವಿರದ ನಾಲ್ಕು ನೂರು. ದಾಂಡೇಲಿಯ ಒಂದು ಪ್ಲೈವುಡ್ ಕಾರ್ಖಾನೆಯ ಸ್ಟೋರಿನಲ್ಲಿ ಕ್ಲರ್ಕು. ಈಶಪ್ಪ ಸಾಹೇಬರು ಆ ಸ್ಟೋರಿನ ಮುಖ್ಯಸ್ಥರು. ಸ್ಟೋರಿಗೆ ಒಬ್ಬ ಸೂಪರ್‌ವೈಸರ್ ಬೇಕೆಂದು ಮೇಲಿನಿಂದ ಕಾಗದ ಬಂದಿತ್ತು, ಒಂದು ಹೆಸರು ಬರೆದು ಸೋಮವಾರ ಕಳಿಸುವವರು ಈಶಪ್ಪನವರು. ಇವತ್ತು ರವಿವಾರ.

ಹನ್ನೊಂದು ವರ್ಷದ ಹಿಂದೆ ತನ್ನ ಮದುವೆಗೆ ಹೊಲಿಸಿದ ಮೇಲೆ ರುದ್ರೇಶ ಒಂದೂ ಪ್ಯಾಂಟು ಹೊಲಿಸಿರಲಿಲ್ಲ. ಸಂತೆಯಲ್ಲಿ ಸಿಗುವ ರೆಡಿಮೇಡಿನಲ್ಲೇ ಕಾಲ ಹೋಗಿತ್ತು. ಅವು ಸೊಂಟಕ್ಕೆ ಸರಿಯಾದರೆ ಕಾಲಿಗೆ ಉದ್ದ, ಕಾಲಿಗೆ ಸರಿಯಾದರೆ ಕೂತಾಗ ಉಸಿರಿಗೆ ಕಷ್ಟ. ಬೂದಿ ಬಣ್ಣದ ಆ ಪೀಸನ್ನು ಕಂಡಾಗಲೆಲ್ಲ ಅವನಿಗೆ ಒಂದು ಆಸೆ ಮೂಡುತ್ತಿತ್ತು. ಸೂಪರ್‌ವೈಸರ್ ಆದರೆ ಮೊದಲ ದಿನ ಇದನ್ನೇ ಹಾಕಿಕೊಂಡು ಹೋಗಬೇಕು. ಸುಮಿತಾಳಿಗೆ ಹೇಳದೆ ಕಾಶೀಮನ ಅಂಗಡಿಗೆ ಒಯ್ದ. ಇವನ ಮನಸ್ಸು ಬದಲಾಗುವ ಮೊದಲೇ ಕಾಶೀಮ ಅಳತೆ ತೆಗೆದು ಅಲ್ಲೇ ಕತ್ತರಿ ಆಡಿಸಿಬಿಟ್ಟ. ಅಷ್ಟರಲ್ಲಿ ಲಗ್ನದ ಸೀಜನ್ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ತುಂಡುಗಳು ಕಳೆದಾವು ಎಂದು ಕಾಶೀಮ ಅವನ್ನು ಅಂಗಡಿಯಿಂದ ಬಂದಂತೆಯೇ ಮಡಿಸಿ, ಬಾಕ್ಸಿಗಿಟ್ಟು, ಹರಿಯದಂತೆ ಬಿಡಿಸಿದ್ದ ಹಾಳೆಯನ್ನು ಮತ್ತೆ ಅಂಟಿಸಿ ಹಿಂದೆ ಕೊಟ್ಟಿದ್ದ. ರುದ್ರೇಶ ಅದನ್ನು ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದ. ಅಂದರೆ ಟ್ರಂಕಿನಲ್ಲಿ.

"ನನಗ ಒಂದ ಮಾತ ಹೇಳಿದ್ರ ಏನಾಗ್ತಿತ್ತು?" ಎಂದಳು ಸುಮಿತಾ.

"ಹೇಳಿದ್ರ ಹೊಲಸಾಕ ಬಿಡ್ತಿದ್ದೇನ?"

ಅವಳು ಮಂಚದ ಮೇಲಿನ ರಾಶಿಯಿಂದ ಕಂದು ಬಣ್ಣದ ಒಂದು ಬಾಕ್ಸನ್ನು ಎತ್ತಿ ಅವನ ಎದೆಗೆ ಒತ್ತಿದಳು. "ಇದು ನಮ್ಮಣ್ಣನ ಮಗನ ಲಗ್ನಕ್ಕಂತ ಇಟ್ಟಿದ್ದೆ, ಹೋಗ್ಲಿ. ದಾಂಡೇಲಿಗೆ ಹೋಗ್ರಿ. ಅಂಗಡಿಯಾಂವ ಡಿಫೆಕ್ಟ್ ಪೀಸ್ ಕೊಟ್ಟಾನ, ಬದ್ಲಿ ಮಾಡಾಕ ಬಂದೇವಿ ಅನ್ರಿ. ಸಾಹೇಬ್ರು ಬಾಕ್ಸ್ ತಗದು ಆ ತುಂಡು ನೋಡಿದ್ರಂದ್ರ ನಾಳೆ ನಿಮ್ಮ ಹೆಸರ ಬರೀತಾರೇನ? ತನ್ನ ಸೊಂಟದ ಅಳತಿ ಹಾಕಿ ಆಹೇರಿ ಕೊಟ್ಟಾನ ಈ ಮಗಾ ಅಂತಾರ."

"ನಾನೂ ಬರ್ತೇನಿ," ಎಂದ ಕಾಶೀಮ. "ಕತ್ತರಿಸಿದ್ದು ನಾನು. ಮತ್ತ, ಹೆಸರಿನ ಕೆಳಗ ನನ್ನ ಅಂಗಡಿ ಹೆಸರೂ ಬರದೇನಿ."

ರುದ್ರೇಶನ ಹಳೆಯ ಬೈಕಿನ ಹಿಂದೆ ಕಾಶೀಮ ಕಂದು ಬಾಕ್ಸನ್ನು ಮಡಿಲ ಕೂಸಿನಂತೆ ಹಿಡಿದು ಕೂತ. ಗಡಿಬಿಡಿಯಲ್ಲಿ ಕೊರಳ ಟೇಪನ್ನು ತೆಗೆದಿರಲಿಲ್ಲ. ಅದು ಗಾಳಿಗೆ ಹಿಂದೆ ಹಾರುತ್ತಿತ್ತು.

"ಅಣ್ಣಾ, ನೀ ಖರೇನ ಮಿಡಲ್ ಕ್ಲಾಸೇನ?" ಎಂದು ಕಿವಿಯ ಹತ್ತಿರ ಕೂಗಿದ.

"ತಿಂಗಳ ಒಂದರಿಂದ ಇಪ್ಪತ್ತರ ತನಕ ಹೌದು. ಇಪ್ಪತ್ತೊಂದರಿಂದ ಕೇಳಬ್ಯಾಡ!"

"ಇವತ್ತ ಎಷ್ಟ ತಾರೀಖ?"

"ಇಪ್ಪತ್ಮೂರು!"

ಇಬ್ಬರೂ ನಕ್ಕರು. ನಗು ಮುಗಿಯುವುದರೊಳಗೆ ಸೋಮವಾರ ನೆನಪಾಗಿ ರುದ್ರೇಶ ಬೈಕಿನ ವೇಗ ಹೆಚ್ಚಿಸಿದ.

ಈಶಪ್ಪನವರ ಹೊಸ ಮನೆಯ ಬಾಗಿಲಿಗೆ ಮಾವಿನ ಎಲೆಯ ತೋರಣ ಇನ್ನೂ ಒಣಗುತ್ತಿತ್ತು. ಸಾಹೇಬರು ಲುಂಗಿ, ಬನಿಯನ್ನಿನಲ್ಲಿ ವರಾಂಡಾದಲ್ಲಿ ಕೂತು ಪೇಪರ್ ಓದುತ್ತಿದ್ದರು. ಸ್ಟೋರಿನಲ್ಲಿ ಕಾಣುವುದಕ್ಕಿಂತ ಅರ್ಧದಷ್ಟೇ ಇದ್ದರು.

"ಬಾರೋ ರುದ್ರೇಶ! ಏನ, ರವಿವಾರ ಸೈತ ಮುಖ ತೋರಸಾಕ ಬಂದಿ?"

ರುದ್ರೇಶ ಡಿಫೆಕ್ಟಿನ ಕತೆಯನ್ನು ಸುಮಿತಾ ಹೇಳಿಕೊಟ್ಟಂತೆಯೇ ಒಪ್ಪಿಸಿದ. ಕಾಶೀಮ ಕಂದು ಬಾಕ್ಸನ್ನು ಮುಂದೆ ಚಾಚಿದ.

"ಬೂದಿ ಬಣ್ಣದ್ದಾ?" ಸಾಹೇಬರ ಹುಬ್ಬು ಮೇಲೆ ಹೋಯಿತು. "ಏ, ಡಿಫೆಕ್ಟ್ ಎಲ್ಲಿ ಬಂತೋ! ಭಾಳ ಚಲೋ ಬಟ್ಟಿ. ನಾ ಹೊಲಿಯಾಕ ಹಾಕಿಬಿಟ್ಟೇನಿ."

ರುದ್ರೇಶ ಕಾಶೀಮನತ್ತ ನೋಡಿದ. ಹೊಲಿಯಲು ಹಾಕಿದ್ದಾರೆ ಎಂದರೆ ಬಾಕ್ಸು ತೆರೆದಿದ್ದಾರೆ. ತೆರೆದಿದ್ದರೆ ಈ ಮನುಷ್ಯ ಇಷ್ಟು ಸಮಾಧಾನದಿಂದ ಹೇಗೆ ಕೂತಿದ್ದಾರೆ? ಕಾಶೀಮನಿಗೆ ಮಾತ್ರ ಕಸುಬಿನ ಕುತೂಹಲ ತಡೆಯಲಿಲ್ಲ.

"ಯಾವ ಟೇಲರ್ ಕಡೆ ಕೊಟ್ಟೀರಿ ಸಾಹೇಬ್ರ?"

ಈಶಪ್ಪನವರು ಕೆಮ್ಮಿದರು. ಪೇಪರಿನ ಹಾಳೆ ತಿರುವಿದರು. "ಅದ... ಬಸ್ ಸ್ಟ್ಯಾಂಡ್ ಹಿಂದ ಒಬ್ಬಾಂವ ಇದ್ದಾನಲ್ಲ... ಹೆಸರ ಬಾಯಿಗೆ ಬರವಲ್ದು. ಏ ಇಕೀ, ಚಾ ತಗೊಂಡ ಬಾ!" ಎಂದು ಒಳಗೆ ಕೂಗಿದರು.

ಚಹಾ ಕುಡಿದು ಗೇಟಿನ ತನಕ ಬಂದಾಗ ಸಾಹೇಬರ ಹೆಂಡತಿ ಶಾಂತಾದೇವಿ ಕಸದ ಬುಟ್ಟಿಯ ನೆಪ ಮಾಡಿಕೊಂಡು ಹಿಂದೆಯೇ ಬಂದರು. ವರಾಂಡಾದತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ತಮ್ಮಾ, ಅವರ ಮಾತ ಬಿಡು. ಅವರ ಕೈಗೆ ಬಾಕ್ಸ ಸಿಕ್ಕೇ ಇಲ್ಲ. ಮುಂಡಗೋಡ ಕಡೆ ಪಾಳಾದಾಗ ನಮ್ಮ ತಮ್ಮ ಮಲ್ಲೇಶನ ಕೂಸಿನ ತೊಟ್ಟಿಲಿತ್ತು, ಅವಂಗ ಆಹೇರಿ ಒಯ್ದಿದ್ದೆ. ಮಾಡಬಾರದಿತ್ತು ಖರೆ. ಗಡಿಬಿಡಿಯಾಗ ಕೈಗೆ ಅದ ಸಿಕ್ತು."

"ಅಯ್ಯ, ಇರ್ಲಿ ಬಿಡ್ರಿ ಅಕ್ಕಾರ," ಎಂದ ರುದ್ರೇಶ. ಹಾಗೆ ಅನ್ನುವಾಗ ಅವನ ಮನಸ್ಸು ಹಗುರಾಗಿತ್ತು.

"ಡಿಫೆಕ್ಟ್ ಅಂದ್ಯಲ್ಲ, ಎಲ್ಲೆ ಇತ್ತು?"

"ಸೊಂಟದ ಹತ್ರ," ಎಂದ ಕಾಶೀಮ.

"ಛೇ, ನಾ ನೋಡೇನಿ. ಏನೂ ಇರ್ಲಿಲ್ಲ," ಎಂದ ಶಾಂತಾದೇವಿ ಖಾಲಿ ಬುಟ್ಟಿಯನ್ನು ಗೇಟಿನ ಹೊರಗೆ ಕೊಡವಿ, ಸರಸರ ಒಳಗೆ ನಡೆದರು.

ಹಗುರಾದದ್ದು ಹಳಿಯಾಳದ ತನಕ ಉಳಿಯಲಿಲ್ಲ. ಮಲ್ಲೇಶ ಬಾಕ್ಸು ತೆರೆದರೆ ಅಕ್ಕನಿಗೆ ಹೇಳುತ್ತಾನೆ. ಅಕ್ಕ ಗಂಡನಿಗೆ ಹೇಳದೆ ಇರುತ್ತಾಳೆಯೇ? ಅಲ್ಲದೆ ತುಂಡಿನ ಮೇಲೆ ಹೆಸರಿದೆ, ಸ್ಟೋರಿನಲ್ಲಿ ರುದ್ರೇಶ ಅನ್ನುವವನು ಒಬ್ಬನೇ. ರುದ್ರೇಶನ ಮನೆಯ ಮುಂದೆಯೇ ಹಾದುಹೋದರೂ ಬೈಕು ನಿಲ್ಲಿಸದೆ ಮುಂಡಗೋಡದ ದಾರಿ ಹಿಡಿದರು. ಸಾಗವಾನಿಯ ನೆಡುತೋಪುಗಳು ಹಿಂದೆ ಸರಿದವು, ಗದ್ದೆಗಳು ಬಂದವು. ಊಟದ ಹೊತ್ತು ಮೀರಿತ್ತು. ಒಂದು ಡಬ್ಬಿ ಅಂಗಡಿಯ ಮುಂದೆ ನಿಂತು ಇಬ್ಬರೂ ಎರಡೆರಡು ಮಿರ್ಚಿ ತಿಂದರು. ಕಾಶೀಮ ಎಣ್ಣೆಯ ಕೈ ಬಾಕ್ಸಿಗೆ ತಾಗದಂತೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿಂದ.

"ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ," ಎಂದ. "ಆ ಬಟ್ಟಿ ಸಿಕ್ಕರ ಹೊಲಸ್ತೀಯೋ, ಮತ್ತ ಟ್ರಂಕಿಗೆ ಹಾಕ್ತೀಯೋ?"

"ಹೊಲಸ್ತೇನಿ ಅಂದ್ನೆಲ್ಲ."

"ಲಗ್ನದ ಪ್ಯಾಂಟ್ ಹೊಲಿದಾಗೂ ಹಂಗ ಅಂದಿದ್ದಿ. ವರ್ಷಕ್ಕೊಂದ ಹೊಲಸ್ತೇನಿ ಕಾಶೀಮಾ, ಅಂತ. ಹನ್ನೊಂದ ವರ್ಷ ಆತು. ನನ್ನ ಟೇಪ್ ಹಳೇದಾತು, ನಿನ್ನ ಸೊಂಟ ಇಪ್ಪತ್ತೆಂಟರಿಂದ ಮೂವತ್ತಾರಕ್ಕ ಬಂತು."

ರುದ್ರೇಶ ಮಿರ್ಚಿಯ ತೊಟ್ಟನ್ನು ದೂರ ಒಗೆದ. ಖರ್ಚು ಅಂತ ಅಂದುಕೊಂಡಿದ್ದ ಇಷ್ಟು ದಿನ. ಆದರೆ ಖರ್ಚಿಗಿಂತ ಹೆಚ್ಚಾಗಿ, ಇಟ್ಟದ್ದು ಮುಂದೆ ಯಾವುದಕ್ಕಾದರೂ ಬೇಕಾದೀತು ಎಂಬ ಭಯವೇ ಅವನ ಮೈಗೆ ಸರಿಯಾಗಿ ಹೊಲಿದ ಬಟ್ಟೆಯಂತೆ ಕೂತಿತ್ತು.

ಪಾಳಾದಲ್ಲಿ ಮಲ್ಲೇಶ ಮನೆಯಲ್ಲಿರಲಿಲ್ಲ, ಗದ್ದೆಗೆ ಹೋಗಿದ್ದ. ಅವನ ತಾಯಿ, ಶಾಂತಾದೇವಿಯ ಹಡೆದವ್ವ ಈರಕ್ಕ, ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಬಂದವರು ಅಳಿಯನ ಸ್ಟೋರಿನವರು ಎಂದು ತಿಳಿದ ಕೂಡಲೇ ಇಬ್ಬರ ಮುಂದೆಯೂ ಅವಲಕ್ಕಿಯ ತಾಟು ಬಂತು. ರುದ್ರೇಶ ಡಿಫೆಕ್ಟಿನ ಕತೆಯನ್ನು ಮತ್ತೆ ಹೇಳಿದ. ಎರಡನೆಯ ಸಲಕ್ಕೆ ಅದು ಅವನಿಗೇ ನಿಜ ಅನ್ನಿಸಲು ಶುರುವಾಗಿತ್ತು.

ಮುದುಕಿ ಕೇಳುತ್ತ ಕೇಳುತ್ತ ಅವನ ಸೊಂಟವನ್ನೇ ನೋಡುತ್ತಿದ್ದಳು.

"ನಿನ್ನ ಹೆಸರೇನಂದಿ?"

"ರುದ್ರೇಶರೀ."

"ಹೂಂ," ಎಂದಳು ಈರಕ್ಕ. ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ಆ ಬಾಕ್ಸ ಇಲ್ಲೆ ಇಲ್ಲ. ಸನವಳ್ಳಿ ಮಾಗ್ದಲೀನಾ ಬಾಯಿಗೆ ಕೊಟ್ಟೇನಿ. ಆಶಾ ಕೆಲಸ ಮಾಡ್ತಾಳಲ್ಲ, ಅಕೀಗೆ. ನಮ್ಮ ಸೊಸಿಗೆ ಬ್ಯಾನಿ ಎದ್ದಾಗ ರಾತ್ರಿಯೆಲ್ಲಾ ಕೈ ಹಿಡಕೊಂಡು ಕುಂತಾಕಿ ಅಕಿ. ಅಕಿ ಗಂಡಗ ಒಂದ ಬಟ್ಟಿ ಮಾಡಬೇಕಲ್ಲಪಾ."

"ಬಾಕ್ಸ... ತಗದು ನೋಡೀರೇನ್ರಿ?"

"ಆಹೇರಿ ಬಾಕ್ಸ್ ಯಾರರ ತಗದು ನೋಡ್ತಾರೇನೋ? ಚಲೋ ಹೇಳ್ತಿ!" ಎಂದವಳೇ, ಕಾಶೀಮನ ಮಡಿಲಲ್ಲಿದ್ದ ಕಂದು ಬಾಕ್ಸಿಗೆ ಕೈ ಹಾಕಿದಳು. "ಬದ್ಲಿಗೆ ತಂದದ್ದು ಇದೇನ? ಇಲ್ಲೆ ಇಟ್ಟ ಹೋಗ್ರಿ, ಮುಂದಿನ ವಾರ ನನಗ ಒಂದ ಲಗ್ನ ಐತಿ."

ಕಾಶೀಮ ಬಿಡಲಿಲ್ಲ. ಈರಕ್ಕ ಒಂದು ಕಡೆ, ಅವನು ಒಂದು ಕಡೆ, ನಡುವೆ ಬಾಕ್ಸು. ಹಗ್ಗ ಜಗ್ಗಿದ್ದರಿಂದ ತೊಟ್ಟಿಲು ಜೋರಾಗಿ ತೂಗಿ ಕೂಸು ಎದ್ದು ಅತ್ತಿತು. ಆ ಅಳುವಿನ ಮರೆಯಲ್ಲಿ ಇಬ್ಬರೂ ನಮಸ್ಕಾರ ಹೇಳಿ ಹೊರಬಿದ್ದರು.

ಸನವಳ್ಳಿಯಲ್ಲಿ ಮಾಗ್ದಲೀನಾಳ ಮನೆ ಕೇಳುವುದು ಕಷ್ಟವಾಗಲಿಲ್ಲ. ಎದುರಿಗೆ ಸಿಕ್ಕ ಮೊದಲ ಹೆಂಗಸೇ, ಅವಳು ಚರ್ಚಿನಿಂದ ಬಂದು ಕಟ್ಟೆಯ ಮೇಲೆ ಹೊಲಿಯುತ್ತ ಕೂತಿದ್ದಾಳೆಂದು ಕೈ ಮಾಡಿ ತೋರಿಸಿದಳು. ಹೊಲಿಯುತ್ತ ಎಂದದ್ದು ಕೇಳಿ ಕಾಶೀಮ, ರುದ್ರೇಶ ಮುಖ ಮುಖ ನೋಡಿಕೊಂಡರು.

ಸಿಮೆಂಟಿನ ಕಟ್ಟೆಯ ಮೇಲೆ ನಲವತ್ತರ ಆಸುಪಾಸಿನ ಹೆಂಗಸು ಕಾಲು ಚಾಚಿ ಕೂತಿದ್ದಳು. ಅವಳ ಕಾಲಿನ ಮೇಲಿಂದ ಇಳಿದು, ಕಟ್ಟೆ ತುಂಬಿ, ಮೆಟ್ಟಿಲ ತನಕ ಒಂದು ಕೌದಿ ಹರಡಿತ್ತು. ಹಳೆಯ ಸೀರೆಯ ಕೆಂಪು, ಶಾಲೆಯ ಯೂನಿಫಾರ್ಮಿನ ನೀಲಿ, ಯಾರದೋ ಲುಂಗಿಯ ಹಸಿರು ಚೌಕ. ನಡುಮಧ್ಯೆ, ನಾಲ್ಕು ದಿಕ್ಕಿಗೆ ನಾಲ್ಕು ಕಾಲು ಚಾಚಿ ಮಲಗಿದಂತೆ, ಬೂದಿ ಬಣ್ಣದ ನಾಲ್ಕು ಉದ್ದ ತುಂಡುಗಳು. ಅವುಗಳ ಅಂಚಿಗೆ ಬಿಳಿ ದಾರದ ಹೊಲಿಗೆ ಆಗಲೇ ಓಡಿತ್ತು. ಒಂದು ತುಂಡಿನ ಒಳಮೈ ಮೇಲಾಗಿತ್ತು. ಅದರ ಮೇಲೆ ಕಾಶೀಮನ ದುಂಡಗಿನ ಅಕ್ಷರ: ರುದ್ರೇಶ, ಸೊಂಟ ೩೬. ಕೆಳಗಿನ ಅಂಗಡಿಯ ಹೆಸರು ಮಡಿಕೆಗೆ ತಿಕ್ಕಿ ಅಳಿಸಿಹೋಗಿತ್ತು.

"ಬರ್ರಿ, ಬರ್ರಿ. ತುಳೀಬ್ಯಾಡ್ರಿ, ಆ ಕಡಿಂದ ಬರ್ರಿ," ಎಂದಳು ಮಾಗ್ದಲೀನಾ. ಕಾಶೀಮನ ಮುಖ ನೋಡಿ ಅವಳ ದನಿ ಇನ್ನಷ್ಟು ಸಡಿಲಾಯಿತು. "ನೀ ನಮ್ಮ ಸಿದ್ದಿ ಜನದ ಹುಡುಗ ಅಲ್ಲೇನ? ಯಾವ ಊರು?"

"ಹಳಿಯಾಳರೀ ಬಾಯಿ. ಕಾಶೀಮ. ಟೇಲರ್."

"ಟೇಲರ್!" ಎಂದು ಅವಳು ಸೂಜಿ ಹಿಡಿದ ಕೈಯಿಂದಲೇ ಬೂದಿ ತುಂಡನ್ನು ತಟ್ಟಿದಳು. "ಹಂಗಾರ ನೀ ಹೇಳು. ಇದನ್ನ ಕತ್ತರಿಸಿದ ಕೈ ಯಾರದಿರಬಹುದು? ಇಪ್ಪತ್ತ ವರ್ಷದಿಂದ ಕೌದಿ ಹೊಲಿತೇನಿ, ಇಷ್ಟ ಸಾಪ್ ಅಂಚು ನೋಡಿಲ್ಲ."

ಕಾಶೀಮ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ. ಮುಖ ಅರಳಿತ್ತು. ರುದ್ರೇಶ ಮಾತ್ರ ಕೌದಿಯ ಅಂಚಿನಲ್ಲೇ ಕೂತ. ಮೂರನೆಯ ಸಲ ಡಿಫೆಕ್ಟಿನ ಕತೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಟ್ರಂಕು, ಸುಮಿತಾ, ಸಾಹೇಬರು, ಸೋಮವಾರ, ಎಲ್ಲವನ್ನೂ ಇದ್ದಂತೆ ಹೇಳಿದ. ಕೊನೆಗೆ ಕೌದಿಯ ಮೇಲೆ ಬೆರಳಿಟ್ಟು, "ಆ ರುದ್ರೇಶ ನಾನರೀ," ಎಂದ.

ಮಾಗ್ದಲೀನಾ ಮೊದಲು ಅವನನ್ನು ನೋಡಿದಳು, ಆಮೇಲೆ ಅಕ್ಷರ ನೋಡಿದಳು, ಆಮೇಲೆ ಕಟ್ಟೆಯ ಕಂಬಕ್ಕೆ ಬೆನ್ನು ಆನಿಸಿ ನಗಲು ಶುರುಮಾಡಿದಳು. ನಕ್ಕ ರಭಸಕ್ಕೆ ಸೂಜಿ ಎಲ್ಲಿ ಬಿತ್ತೆಂದು ಮೂವರೂ ಹುಡುಕಬೇಕಾಯಿತು.

"ಬೆಳಿಗ್ಗೆ ಚರ್ಚಿನ್ಯಾಗ ನಿಮ್ಮ ಹೆಸರ ಹಿಡದು ಪ್ರಾರ್ಥನಾ ಮಾಡಿ ಬಂದೇನ್ರಿ ನಾನು! ಯಾರೋ ಪುಣ್ಯಾತ್ಮ, ಕೌದಿ ಹೊಲಿತಾಳಂತ ಗೊತ್ತಾಗಿ ಹೊಸಾ ಬಟ್ಟಿ ಕತ್ತರಿಸೇ ಕಳಿಸ್ಯಾನಂತ. ಮೂವತ್ತಾರು ಸೊಂಟದ ದೊಡ್ಡ ಮನಿಶ್ಯಾ ಅಂತ."

"ಈ ಸುದ್ದಿ..." ರುದ್ರೇಶ ಮುಂದಕ್ಕೆ ಬಾಗಿದ. "ಈರಕ್ಕಾರಿಗೆ ಹೇಳಿಲ್ಲಲ್ಲರೀ?"

"ಅವತ್ತ ಫೋನ್ ಮಾಡೇನಲ್ಲ! ಬಾಕ್ಸ ತಗದ ಕೂಡ್ಲೆ. ಕತ್ತರಿಸಿದ ಬಟ್ಟಿ ಕೊಟ್ಟೀರಿ, ರುದ್ರೇಶ ಸೊಂಟ ಮೂವತ್ತಾರು ಅಂತ ಬರದೈತಿ, ಭಾಳ ಉಪಕಾರ ಆತು ಅಂದೆ."

"ಏನಂದ್ರು?"

"ಮೊದ್ಲ, ಹಾಂ? ಅಂದ್ರು. ಆಮ್ಯಾಲ, ಹೌದಬಾಯಿ, ನಿನಗಂತನ ನಮ್ಮ ಶಾಂತಾಗ ಹೇಳಿ ಕತ್ತರಿಸಿಸೇನಿ ಅಂದ್ರು. ಸಂಜೀಕ ಶಾಂತಾದೇವಿ ಅಕ್ಕಾರೂ ಫೋನ್ ಮಾಡಿದ್ರು. ಅವರೂ ಹಂಗ ಅಂದ್ರು. ನಾನ ನಿಂತು ಕತ್ತರಿಸಿಸಿದ್ದು, ಅಳತಿ ಸರಿ ಬಂತಿಲ್ಲೋ, ಅಂತ."

ರುದ್ರೇಶನಿಗೆ ಒಂದೊಂದೇ ನೆನಪಾಯಿತು. ಶೇಂಗಾ ಜಗಿಯುತ್ತ ತನ್ನ ಸೊಂಟವನ್ನೇ ನೋಡಿದ ಮುದುಕಿ, ಖಾಲಿ ಬುಟ್ಟಿ ಕೊಡವಿದ ಶಾಂತಾದೇವಿ, ಹೆಸರೇ ನೆನಪಾಗದ ಬಸ್ ಸ್ಟ್ಯಾಂಡಿನ ಟೇಲರು. ಬೆಳಗಿನಿಂದ ಅವನು ಬೆನ್ನತ್ತಿ ಬಂದ ಮನೆಗಳಲ್ಲಿ ಒಬ್ಬೊಬ್ಬರೂ ಅವನಷ್ಟೇ ಹೆದರಿ ಕೂತಿದ್ದರು. ಕತ್ತರಿಸಿದ ಬಟ್ಟೆ ಕೊಟ್ಟೆಯಲ್ಲೋ ಎಂದು ಅವನ ಮೇಲೆ ಯಾರಾದರೂ ಬೆರಳು ತೋರಿಸಬೇಕಾದರೆ, ಆ ಬಾಕ್ಸನ್ನು ತಾವು ತೆರೆಯದೆ ಮುಂದೆ ದಾಟಿಸಿದ್ದನ್ನು ಮೊದಲು ಒಪ್ಪಿಕೊಳ್ಳಬೇಕಿತ್ತು. ಈಶಪ್ಪ ಸಾಹೇಬರಂತೂ ಆ ಪ್ಯಾಂಟನ್ನು ಹೊಲಿಸಲು ಹಾಕಿದ್ದಾಗಿ ಸಾಕ್ಷಿಯ ಎದುರೇ ಹೇಳಿಬಿಟ್ಟಿದ್ದರು. ನಾಳೆ ಸ್ಟೋರಿನಲ್ಲಿ ಪ್ಯಾಂಟಿನ ಮಾತು ಬಂದರೆ ಓಡುವವರು ಅವರೇ.

ಅವನಿಗೂ ನಗು ಬಂತು. ಹನ್ನೊಂದು ವರ್ಷದಿಂದ ಎಲ್ಲೋ ಇಟ್ಟು ಮರೆತಿದ್ದ ನಗುವಿನಂತಿತ್ತು ಅದು.

"ನಿಮ್ಮ ಬಟ್ಟಿ ನಿಮಗ ಬೇಕಂದ್ರ ಹೇಳ್ರಿ, ಬಿಚ್ಚಿ ಕೊಡ್ತೇನಿ," ಎಂದಳು ಮಾಗ್ದಲೀನಾ. ಅವಳ ದನಿಯಲ್ಲಿ ಕೊಡುವ ಮನಸ್ಸೂ ಇತ್ತು, ಬೇಡ ಅನ್ನಲಿ ಎಂಬ ಆಸೆಯೂ ಇತ್ತು.

ರುದ್ರೇಶ ಬೂದಿ ಬಣ್ಣವನ್ನು ಅಂಗೈಯಿಂದ ಸವರಿದ. ಎಷ್ಟು ನುಣುಪು. "ಬಿಚ್ಚಬ್ಯಾಡ್ರಿ. ಹೆಸರ ಸೈತ ಬಿದ್ದೈತಿ, ಇನ್ನೇನ. ಇದನ್ನ ತಗೋರಿ, ಇದು ನಿಮ್ಮ ಮನಿಯವರಿಗೆ." ಕಾಶೀಮನ ಕೈಯಿಂದ ಕಂದು ಬಾಕ್ಸು ತೆಗೆದು ಕೊಟ್ಟ.

ಮಾಗ್ದಲೀನಾ ಅದನ್ನು ಹಣೆಗೆ ಒತ್ತಿಕೊಳ್ಳಲಿಲ್ಲ, ಒಳಗೆ ಒಯ್ದಿಡಲಿಲ್ಲ. ಅವರ ಕಣ್ಣೆದುರೇ ಉಗುರಿನಿಂದ ಪಾರದರ್ಶಕ ಹಾಳೆಯನ್ನು ಪರಕ್ಕನೆ ಹರಿದಳು. ರುದ್ರೇಶನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷದಲ್ಲಿ ಆ ಸದ್ದನ್ನು ಅವನು ಕೇಳಿಯೇ ಇರಲಿಲ್ಲ. ಅವಳು ಬಟ್ಟೆಯನ್ನು ಕೊಡವಿ ಕಾಶೀಮನ ತೋಳಿನ ಮೇಲೆ ಹಾಕಿದಳು.

"ನನ್ನ ಗಂಡಂದು ಮೂವತ್ತು ಸೊಂಟ. ನರ್ಸರಿಗೆ ನೀರ ಹಾಕಾಕ ಹೋಗ್ಯಾನ, ಈಗ ಬರ್ತಾನ. ಅಳತಿ ತಗೊಂಡ ಹೋಗು. ಹೊಲಿಗಿ ರೊಕ್ಕಾ ನಾ ಕೊಡ್ತೇನಿ, ಅದನ್ನ ಮಾತ್ರ ಫುಕಟ್ ಬ್ಯಾಡ."

ಕಾಶೀಮ ಕೊರಳ ಟೇಪನ್ನು ಮುಟ್ಟಿ ನೋಡಿಕೊಂಡ. ಬೆಳಗಿನಿಂದ ಅಷ್ಟು ದೂರ ಹಾರಾಡಿಕೊಂಡು ಬಂದದ್ದಕ್ಕೆ ಅದಕ್ಕೂ ಒಂದು ಕೆಲಸ ಸಿಕ್ಕಿತ್ತು.

ರುದ್ರೇಶ ಫೋನು ತೆಗೆದು ಸುಮಿತಾಳಿಗೆ ಹಚ್ಚಿದ. ಮೊದಲ ಗಂಟೆಗೇ ಅವಳು ಎತ್ತಿದಳು.

"ಏನಾತ್ರೀ? ಸಿಕ್ತೇನ? ಸಾಹೇಬ್ರು ನೋಡಿದ್ರೇನ?"

"ಯಾರೂ ನೋಡಿಲ್ಲ. ನೋಡಿದವರು ಬಾಯಿ ಬಿಡೂದಿಲ್ಲ. ಬಂದ ಮ್ಯಾಲ ಹೇಳ್ತೇನಿ, ನಗಬೇಕು ನೀ. ಈಗ ಒಂದ ಕೆಲಸ ಮಾಡು. ಟ್ರಂಕಿನ್ಯಾಗ ಕಡು ನೀಲಿದೊಂದ ಐತಲ್ಲ, ಅದನ್ನ ತಗದು ಹೊರಗಿಡು. ನಾಳೆ ಕಾಶೀಮ ಬರ್ತಾನ. ನನಗ ಹೊಲಿಯಾಕ."

"ನೀಲಿದು ನಮ್ಮಣ್ಣಗ..." ಎಂದು ಶುರುಮಾಡಿದವಳು ಅರ್ಧಕ್ಕೆ ನಿಂತಳು. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. "ಆತು ಬಿಡ್ರಿ. ಅದು ನಿಮ್ಮ ಬಣ್ಣಕ್ಕ ಒಪ್ಪತೈತಿ. ನೀವು ಹಾಕ್ಕೊಳ್ಳೂದ ಆದ್ರ, ಖಣ ಒಂದ ಐತಿ, ನಾನೂ ಒಂದ ಕುಬಸ ಹೊಲಸ್ತೇನಿ ಮತ್ತ."

ಮಾಗ್ದಲೀನಾ ಒಳಗೆ ಹೋಗಿ ಬಂಗಾರದ ಅಂಚಿನ ಬಾಕ್ಸನ್ನು ತಂದಿದ್ದಳು. ಖಾಲಿಯಾಗಿದ್ದರೂ ಒಂದು ಮೂಲೆಯೂ ಮುದುಡಿರಲಿಲ್ಲ. ಅದನ್ನು ಮಗುಚಿ ತಳ ತೋರಿಸಿದಳು. ಸುಮಿತಾಳ "ರಾಮನಗರ ಅತ್ತಿ, ೨೦೨೨". ಅದರ ಕೆಳಗೆ ಶಾಂತಾದೇವಿಯ ಓರೆ ಅಕ್ಷರ, "ಹಳಿಯಾಳ ರುದ್ರೇಶ, ಸ್ಟೋರ್". ಅದರ ಕೆಳಗೆ ಈರಕ್ಕನದ್ದಿರಬೇಕು, ಇದ್ದಿಲಿನಲ್ಲಿ ಗೀಚಿದಂತೆ, "ಶಾಂತಾ". ಇನ್ನೂ ನಾಲ್ಕೈದು ಹೆಸರಿಗಾಗುವಷ್ಟು ಜಾಗ ಉಳಿದಿತ್ತು.

"ಡಬ್ಬಿ ಒಯ್ಯಿರಿ," ಎಂದು ಅವನ ಮುಂದೆ ಹಿಡಿದಳು. "ನಮ್ಮ ಮನ್ಯಾಗ ಇದರಾಗ ಇಡೂವಂಥಾದ್ದ ಏನಿಲ್ಲ. ನಿಮಗರ ಬೇಕಾಗತೈತಿ."

ಫೋನಿನಲ್ಲಿ ಸುಮಿತಾಳ ಕಿವಿ ಚುರುಕಾಗಿತ್ತು. "ರೀ, ಬಾಕ್ಸೇನ? ಬಂಗಾರದ ಅಂಚಿಂದು? ಹ್ಞಾಂ, ಅದನ್ನರ ತಗೊಂಡ ಬರ್ರಿ! ಒಳಗ ಬ್ಯಾರೆ ಪೀಸ್ ಇಟ್ಟ ಕೊಡಾಕ ಬರ್ತೈತಿ."

ರುದ್ರೇಶನ ಬಲಗೈ ಅವನನ್ನು ಕೇಳದೆಯೇ ಅರ್ಧ ದೂರ ಹೋಗಿತ್ತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡು ಕಿಸೆಗೆ ಹಾಕಿದ.

"ಬ್ಯಾಡ," ಎಂದ.